ಮೇಸ್ತ್ರಿ ಜವರಪ್ಪನವರ ಮೀನುಸಾರು

ಜವರಪ್ಪನವರು ನಡೆಯುವಾಗ ಎದುರಿಗೆ ಬರುವವರ ಮುಖ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು. ಇಪ್ಪತ್ತೆಂಟು ವರ್ಷ ರಸ್ತೆ ಮೇಸ್ತ್ರಿಯಾಗಿ ದುಡಿದ ಆ ಮನುಷ್ಯನಿಗೆ ಭೂಮಿಯೆಂದರೆ ಗುಂಡಿ ಬೀಳಲಿರುವ ಜಾಗ. ಕುಶಾಲನಗರದ ಪೇಟೆಯಲ್ಲಿ ದೇಹವನ್ನು ತುಸು ಎಡಕ್ಕೆ ವಾಲಿಸಿಕೊಂಡು, ಮೊಣಕಾಲು ಮುಟ್ಟುವ ಖಾಕಿ ಕೋಟಿನ ಜೇಬುಗಳಲ್ಲಿ ಕೈಯಿಟ್ಟು, ಸಡಿಲಾದ ಜಲ್ಲಿಯನ್ನು ಬೂಟಿನ ತುದಿಯಿಂದ ಸ್ವಸ್ಥಾನಕ್ಕೆ ತಳ್ಳುತ್ತ ಅವರು ಬರುತ್ತಿದ್ದರೆ ಮದುವೆಯ ದಿಬ್ಬಣವೂ ಪಕ್ಕಕ್ಕೆ ಸರಿಯಬೇಕಾಗುತ್ತಿತ್ತು.

ಕೊಡಗು ತನ್ನದೇ ಪುಟ್ಟ ರಾಜ್ಯವಾಗಿದ್ದ ಆ ವರ್ಷಗಳಲ್ಲಿ ನಾನು ಅಲ್ಲಿನ ಶಾಲೆಗೆ ಮಾಸ್ತರನಾಗಿ ಬಂದು ಅವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಹೆಂಚಿಗೆ ತಾಗದ ಗೋಡೆ. ಹೀಗಾಗಿ ದಿನಕ್ಕೆರಡು ಬಾರಿ, ಮೊದಲ ತುತ್ತು ನುಂಗಿದ ಕೂಡಲೇ ಅವರಾಡುತ್ತಿದ್ದ ಮಾತು ನನಗೂ ಕೇಳಿಸುತ್ತಿತ್ತು: "ಉಪ್ಪು ಒಂದ್ ಹರಳು ಮುಂದಾಯ್ತು." ಹೆಂಡತಿ ಹುಚ್ಚಮ್ಮನವರು ಇದಕ್ಕೆ ಎಂದೂ ಉತ್ತರ ಕೊಟ್ಟವರಲ್ಲ. ಹಾಸನದ ಕಡೆಯಿಂದ ಬಂದು ನೆಲೆಸಿದ ಆ ದಂಪತಿಗಳಿಗೆ ಮಕ್ಕಳಿರಲಿಲ್ಲ.

ಒಂದು ಕಾರ್ತಿಕದಲ್ಲಿ ಹುಚ್ಚಮ್ಮನವರು ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕಲ್ಲಿನ ಮೇಲಿಂದ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ನಾಟಿವೈದ್ಯ ಬಿದಿರಿನ ದಬ್ಬೆ ಕಟ್ಟಿ, ಮೂರು ತಿಂಗಳು ಏಳಕೂಡದೆಂದ. ಎದುರುಮನೆಯ ಶಿವಮ್ಮನವರು ಅನ್ನ ಸಾರು ಕಳಿಸುತ್ತಿದ್ದರು. ಹುಚ್ಚಮ್ಮನವರು ಎರಡು ತುತ್ತಿಗೇ ಸಾಕೆನ್ನುತ್ತಿದ್ದರು. ಮೂರನೆಯ ವಾರಕ್ಕೆ ಅವರ ಬಳೆಗಳು ಮೊಣಕೈಯವರೆಗೆ ಜಾರತೊಡಗಿದವು. ಏನು ಬೇಕೆಂದು ಗಂಡ ಹತ್ತು ಸಲ ಕೇಳಿದ ಮೇಲೆ, ಗೋಡೆಯ ಕಡೆ ಮುಖ ಮಾಡಿ, "ವಸಿ ಮೀನ್ಸಾರು" ಎಂದರಂತೆ. ಶಿವಮ್ಮನವರ ಮನೆಯಲ್ಲಿ ಮೀನು ಮುಟ್ಟುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಜವರಪ್ಪನವರು ಕೋಟು ತೊಟ್ಟೇ ನನ್ನ ಬಾಗಿಲಿಗೆ ಬಂದರು. ಕೈಯಲ್ಲಿ ಬಾಳೆನಾರಿಗೆ ಪೋಣಿಸಿದ ಆರು ಹೊಳೆಮೀನು.

"ಮೇಷ್ಟ್ರೇ, ನೀವು ಓದ್ದೋರು. ಇದನ್ನ ಯಾವ ಕಡೆಯಿಂದ ಶುರು ಮಾಡೋದು?"

ಹೋಟೆಲಿನ ಊಟದವನಾದ ನನಗೇನು ಗೊತ್ತು? ಅವರ ಹಿಂದೆಯೇ ನಾನೂ ಆ ಮನೆಯೊಳಗೆ ಹೋದೆ. ಕೋಣೆಯ ಚಾಪೆಯ ಮೇಲಿಂದ ಹುಚ್ಚಮ್ಮನವರ ಅಪ್ಪಣೆ ಬಂತು: "ಬಾಲದಿಂದ ತಲೆ ಕಡೀಕೆ ಉಜ್ಜಿ. ಬೂದಿ ತಗಳ್ಳಿ, ಕೈ ಜಾರಲ್ಲ."

ಹೀಗೆ ಆಕೆ ಮಲಗಿದಲ್ಲಿಂದ ಹೇಳುತ್ತ, ಇವರು ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮಾಡುತ್ತ ಹೋದರು: ಮೆಣಸಿನಕಾಯಿ, ಕೊತ್ತಂಬರಿಬೀಜ, ಬೆಳ್ಳುಳ್ಳಿ ಅರೆದು, ಹುಣಸೆರಸದಲ್ಲಿ ಕದಡಿ, ಹಸಿವಾಸನೆ ಹೋಗುವವರೆಗೆ ಮಡಕೆಯಲ್ಲಿ ಕುದಿಸಿ, ಕೊನೆಗೆ ಮೀನು ಇಳಿಬಿಡುವುದು. ಅಷ್ಟೇ. ಹದ ತಿಳಿಯದ ಕಾತರದಲ್ಲಿ ಮೇಸ್ತ್ರಿ ಸೌಟು ಹಾಕಿ ಕಲಕಿದರು. ಮೀನೆಲ್ಲ ಒಡೆದು ಮುಳ್ಳಿನ ಅಂಬಲಿಯಾಯಿತು. ಹುಚ್ಚಮ್ಮನವರಿಗೆ ಸದ್ದಿನಲ್ಲೇ ತಿಳಿಯಿತು.

"ಮೀನಿಗೆ ಸೌಟು ಆಡಿಸ್ಬ್ಯಾಡಿ. ಮಡಕೆ ಕಂಠ ಹಿಡ್ಕಂಡು ವಸಿ ತಿರುಗ್ಸಿ, ಸಾಕು."

ಹಾಸಿದ ಜಲ್ಲಿಯನ್ನು ಕೆದಕಬಾರದೆಂದು ಬಲ್ಲ ಮೇಸ್ತ್ರಿಗೆ ಆ ಮಾತು ನಾಟಿತು. ಸಾರನ್ನು ಅವರು ಚೆಲ್ಲಲಿಲ್ಲ. ಒಂದೊಂದು ಮುಳ್ಳನ್ನೂ ಬೆರಳಿನಿಂದ ಆರಿಸಿ ತೆಗೆದು, ಶಿವಮ್ಮನವರು ಅಂದು ಕಳಿಸಿದ್ದ ಮುದ್ದೆ ಮುರಿದು, ಹೆಂಡತಿಯ ತಲೆಯನ್ನು ತೋಳಿಗೆ ಒರಗಿಸಿಕೊಂಡು ಉಣಿಸಿದರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಇಬ್ಬರೂ ಮರೆತಿದ್ದರು. ಅರ್ಧ ಮುದ್ದೆ ಮುಗಿಯಿತು.

"ಉಪ್ಪು?" ಎಂದರು ಮೇಸ್ತ್ರಿ, ಶಿಕ್ಷೆಗೆ ಕಾದವರ ದನಿಯಲ್ಲಿ.

"ಹಾಕೇ ಇಲ್ಲ ನೀವು" ಎಂದು ಹುಚ್ಚಮ್ಮನವರು ಇನ್ನೊಂದು ತುತ್ತಿಗೆ ಬಾಯ್ತೆರೆದರು.

ಮೇಸ್ತ್ರಿ ಆ ತುತ್ತನ್ನೂ ಉಣಿಸಿದರು. ಆಮೇಲೆ, "ಇಷ್ಟು ವರ್ಷ ನಾನೂ ಸುಮ್ಕಿರಬೋದಿತ್ತು" ಎಂದರು.

ಮುಂದಿನ ಭಾನುವಾರಗಳಲ್ಲಿ ಉಪ್ಪು, ಅರಿಸಿನ, ಖಾರ ಸವರಿ ಕಾವಲಿಯ ಮೇಲೆ ಹುರಿಯುವುದನ್ನು ಕಲಿತರು. ಸಣ್ಣ ಮೀನನ್ನು ಬಾಳೆಲೆಯಲ್ಲಿ ಸುತ್ತಿ ಕೆಂಡದಲ್ಲಿ ಹುದುಗಿಸುವುದನ್ನು ಕಲಿತರು. ಸೋಮವಾರಪೇಟೆಯ ಸಂತೆಯಿಂದ ಕಾಚಂಪುಳಿ ತಂದು, ಹುಣಸೆಯ ಬದಲಿಗೆ ಆ ಕಪ್ಪು ಹುಳಿಯನ್ನು ಎರಡು ಹನಿ ಬಿಟ್ಟು ನೋಡುವಷ್ಟು ಧೈರ್ಯವನ್ನೂ ಗಳಿಸಿದರು. ಕೋಟಿಗೆ ಮೀನಿನ ವಾಸನೆ ಹತ್ತಿತು, ರಸ್ತೆಯಾಳುಗಳು ನಕ್ಕರು. ಶಿವರಾತ್ರಿ ಕಳೆದು ಹುಚ್ಚಮ್ಮನವರು ಕೋಲೂರಿ ಒಲೆಯ ಮುಂದೆ ಬಂದು ನಿಂತಾಗ ಅಡಿಗೆಯನ್ನೆಲ್ಲ ಮರಳಿ ಒಪ್ಪಿಸಿದ ಮೇಸ್ತ್ರಿ, ಮೀನಿನ ಮಡಕೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. "ಇದೊಂದು ನನಗಿರ್ಲಿ" ಎಂದರು.

ಬದುಕಿನ ಇಳಿಹೊತ್ತಿನಲ್ಲಿ ಒಂದು ಕೆಲಸ ಕಲಿತವರನ್ನು ಆಮೇಲೆ ನಾನು ಬೇರೆಡೆಯೂ ಕಂಡಿದ್ದೇನೆ. ಅವರು ನಿಪುಣರಾಗುವುದಿಲ್ಲ, ಅವರ ಕೈ ಕೊನೆಯವರೆಗೂ ತುಸು ಅಂಜುತ್ತಲೇ ಇರುತ್ತದೆ. ಆದರೆ ತಾವು ಇಷ್ಟು ಕಾಲ ಕೂತು ಉಂಡದ್ದು ಇನ್ನೊಬ್ಬರು ಹೊಗೆಯಲ್ಲಿ ಬೆಂದು ಬೇಯಿಸಿದ್ದನ್ನು ಎಂಬ ಅರಿವು ಅವರಿಗೆ ದಕ್ಕಿರುತ್ತದೆ. ಅಂಥವರ ಮನೆಯಲ್ಲಿ ಎಲೆಯ ಮುಂದೆ ಕೂತವನಿಗೆ ಉಣ್ಣುವ ಮುನ್ನ ಒಮ್ಮೆ ಕೈಮುಗಿಯಬೇಕೆನಿಸುತ್ತದೆ.