ಡೈರಿ ಗೋಡೆಯ ಮೊಳೆಗಳು

"ಯಜಮಾನ್ರೇ, ಹತ್ರ ಬರಬ್ಯಾಡಿ ಅಂದ್ನಲ್ಲ!"

ನೀಲಿ ಪ್ಲಾಸ್ಟಿಕ್ ಅಂಗಿಯೊಳಗಿದ್ದ ಆಂಬುಲೆನ್ಸಿನವನು ಕೂಗಿದರೂ ಬೋರಯ್ಯ ನಿಲ್ಲಲಿಲ್ಲ. ಎರಡೂ ಕೈಯಲ್ಲಿ ಹೊಸ ಸೀರೆ ಹಿಡಿದುಕೊಂಡು, ಕಡಿದ ಕಬ್ಬಿನ ಕೂಳೆಗಳ ಮೇಲೆ ಎಡವುತ್ತ ಗುಂಡಿಯ ಕಡೆಗೇ ನಡೆದ. ಆ ಮನುಷ್ಯ ಬಿದಿರು ಕೋಲೊಂದನ್ನು ಅಡ್ಡ ಹಿಡಿದು ತಡೆದ.

"ನಾನು ಒಡಹುಟ್ಟಿದೋನು ಕಣಪ್ಪ. ಬೆಳ್ಳೂರ್ ಕಡೆಯಿಂದ ಬಂದಿವ್ನಿ. ತವರು ಸೀರೆ ಒದುಸ್ಬೇಕು."

"ಪ್ಯಾಕ್ ಮಾಡಿರೋದು. ಬಿಚ್ಚಂಗಿಲ್ಲ."

"ಬಿಚ್ಚಬ್ಯಾಡ. ಮಕ ತೋರ್ಸು ಅಂತ್ಲೂ ಕೇಳಕಿಲ್ಲ. ಮ್ಯಾಲೇ ಒದ್ಸಿ ಬಂದ್ಬುಡ್ತೀನಿ."

"ನಮ್ಗೂ ಹೆಂಡ್ತಿ ಮಕ್ಕಳವ್ರೆ. ಪಾಂಡವಪುರದಾಗೆ ಇನ್ನೂ ಹೆಣ ಕಾಯ್ತಾ ಅವೆ. ಅಲ್ಲೇ ನಿಂತ್ಕಳಿ."

ಈ ಮಾತು ಮುಗಿಯುವಷ್ಟರಲ್ಲಿ ಅವನ ಜೊತೆಯವರು ಹಗ್ಗ ಬಿಟ್ಟಾಗಿತ್ತು. ಬಿಳಿ ಚೀಲದಲ್ಲಿ ಸುತ್ತಿದ್ದ ಅವನ ತಂಗಿ ತಾಯಮ್ಮ ತನ್ನದೇ ಗದ್ದೆಯ ಮೂಲೆಯ ಗುಂಡಿಗೆ ಇಳಿದಳು. ಜೆಸಿಬಿ ಗುರುಗುಟ್ಟುತ್ತ ಬಂದು ಮಣ್ಣು ನೂಕಿತು. ಬೋರಯ್ಯ ಸೀರೆಯನ್ನು ಎಸೆಯಲೋ ಬೇಡವೋ ಎಂದು ಕೈ ಎತ್ತುವ ಹೊತ್ತಿಗೆ ಗುಂಡಿಯೇ ಮುಚ್ಚಿಹೋಗಿತ್ತು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವನು ಹಾಗೇ ನಿಂತ.

ಈ ಸೀಮೆಯಲ್ಲಿ ಹೆಣ್ಣುಮಗಳು ಮಣ್ಣಿಗೆ ಹೋಗುವಾಗ ಅವಳ ಮೈಮೇಲಿನ ಕೊನೆಯ ಬಟ್ಟೆ ತವರಿನದಾಗಬೇಕು. ಅದಿಲ್ಲದೆ ಹೋದವಳನ್ನು ಹಿಂದೆ ಮುಂದೆ ಯಾರೂ ಇಲ್ಲದವಳು ಅನ್ನುತ್ತಾರೆ. ಆ ಮಾತು ತಂಗಿಗೆ ಬರಬಾರದೆಂದು ಬೋರಯ್ಯ ಬೆಳಗ್ಗೆ ಬೆಳ್ಳೂರು ಕ್ರಾಸಿನಲ್ಲಿ ಮುಚ್ಚಿದ ಬಟ್ಟೆ ಅಂಗಡಿಯ ಬಾಗಿಲು ಬಡಿದಿದ್ದ. ಅಂಗಡಿಯವನು ಶಟರನ್ನು ಮೊಣಕಾಲುದ್ದ ಎತ್ತಿ ಕೆಳಗಿನಿಂದ ಸೀರೆ ದಾಟಿಸಿದ್ದ. ದಾರಿಯಲ್ಲಿ ತಡೆದ ಪೊಲೀಸರು ಟಿವಿಎಸ್ ಮೇಲಿನ ಮುದುಕನನ್ನು ಬೈಯಲು ಬಾಯಿ ತೆರೆದವರು, ಹ್ಯಾಂಡಲ್ಲಿಗೆ ಕಟ್ಟಿದ್ದ ಹೊಸ ಸೀರೆ ಕಂಡು ಸುಮ್ಮನೆ ದಾರಿ ಬಿಟ್ಟಿದ್ದರು. ಎಲ್ಲರೂ ದಾರಿ ಬಿಟ್ಟರು, ಸೀರೆ ಮಾತ್ರ ಅವಳಿಗೆ ಮುಟ್ಟಲಿಲ್ಲ.

ಬದುವಿನ ಮೇಲೆ ಊರಿನ ಹತ್ತಾರು ಜನ ದೂರ ದೂರ ನಿಂತಿದ್ದರು. ಎಲ್ಲರ ಮುಖದಲ್ಲೂ ಮನೆಯಲ್ಲಿ ಹೊಲಿದ ಬಟ್ಟೆಯ ಮಾಸ್ಕು. ಬೋರಯ್ಯ ಕಣ್ಣೊರೆಸಿಕೊಂಡು ನೋಡಿದ. ಪಕ್ಕದ ಮನೆಯ ಮಾರಮ್ಮನ ಬಾಯಿ ಮುಚ್ಚಿದ್ದ ಬಟ್ಟೆ ಗಿಳಿಹಸಿರು, ಅದಕ್ಕೆ ಮಾವಿನಕಾಯಿಯ ಅಂಚು. ಅದರಾಚೆ ಅರಿಶಿನ ಬಣ್ಣದ ಚೌಕಳಿ. ಅದರಾಚೆ ಮೈಲುತುತ್ತದ ನೀಲಿ. ಒಂದೊಂದೂ ಅವನು ಗೌರಿ ಹಬ್ಬಕ್ಕೆ ತಂಗಿಗೆ ಕೊಟ್ಟ ಸೀರೆ.

*

ತಾಯಮ್ಮ ಕ್ಯಾತನಹಳ್ಳಿಯಾಚೆಯ ಈ ಊರಿಗೆ ಮದುವೆಯಾಗಿ ಬಂದಾಗ ಹೊಲಿಗೆ ಮೆಷಿನ್ನೂ ಜೊತೆಗೆ ಬಂತು. ಬಸ್ಸಿನ ಟಾಪಿನ ಮೇಲೆ ಅದನ್ನು ಅಪ್ಪಿಕೊಂಡು ಕೂತು ತಂದವನು ಬೋರಯ್ಯನೇ. ಆಮೇಲೆ ಊರಿನ ಹೆಂಗಸರ ರವಿಕೆಗಳ ಜವಾಬ್ದಾರಿಯೆಲ್ಲ ಅವಳದು. ಮೆಷಿನ್ ಮುಂದೆ ಕೂತರೆ ಸೆಕೆ ಎಂದು ಅಣ್ಣ ಪ್ರತಿ ಗೌರಿಗೂ ಹತ್ತಿಯ ಸೀರೆಯನ್ನೇ ತರುತ್ತಿದ್ದ. ಅವಳೋ ಅದನ್ನು ಹಬ್ಬದ ದಿನ ಉಟ್ಟು, ಮಡಿಸಿ ಟ್ರಂಕಿಗಿಟ್ಟು, ವರ್ಷವೆಲ್ಲ ಸೆಕೆಯಲ್ಲಿ ಬೇಯುತ್ತ ಪಾಲಿಸ್ಟರಿನಲ್ಲೇ ಕಾಲ ತಳ್ಳುತ್ತಿದ್ದಳು.

ಕೊರೊನಾ ಬಂದ ಮೊದಲನೇ ವರ್ಷದ ಲಾಕ್‌ಡೌನಿನಲ್ಲಿ, ಮಾಸ್ಕ್ ಇಲ್ಲದವರ ಹಾಲು ಅಳೆಯುವುದಿಲ್ಲ ಎಂದು ಡೈರಿಯವರು ಅಂದರು. ಅಂಗಡಿಗಳಲ್ಲಿ ಮಾಸ್ಕ್ ಇರಲಿಲ್ಲ. ಜನ ತಾಯಮ್ಮನ ಬಾಗಿಲಿಗೆ ಬಂದರು. ಮೊದಲು ಗಂಡ ಮಂಚಯ್ಯನ ಹಳೇ ಪಂಚೆ ಕತ್ತರಿಗೆ ಬಿತ್ತು. ಪಾಲಿಸ್ಟರಿನಲ್ಲಿ ಹೊಲಿದರೆ ಉಸಿರು ಕಟ್ಟುತ್ತಿತ್ತು. ಉಳಿದದ್ದು ಟ್ರಂಕಿನ ಸೀರೆಗಳೇ.

"ತವರು ಸೀರೆ ಕಣವ್ವ! ಮಾವಂಗೆ ಗೊತ್ತಾದ್ರೆ ಏನಂದಾನು?" ಎಂದಿದ್ದಳು ಮಗಳು ಅರ್ಪಿತ.

"ನಮ್ಮಣ್ಣ ನಂಗೆ ಉಸ್ರು ಕಟ್ಟಬಾರ್ದು ಅಂತ ತಂದ್ಕೊಟ್ಟ. ಊರೋರ್ಗೂ ಉಸ್ರು ಕಟ್ಟದೆ ಇರ್ಲಿ ಬುಡು," ಎಂದು ತಾಯಮ್ಮ ಕತ್ತರಿ ಆಡಿಸಿದಳು. ಅಂಚನ್ನು ಮಾತ್ರ ಬಿಸಾಡಲು ಮನಸ್ಸು ಬಾರದೆ ಮೂಗಿನ ಮೇಲೆ ಬರುವಂತೆ ಇಟ್ಟು ಹೊಲಿದಳು. ಹೊಲಿದದ್ದನ್ನೆಲ್ಲ ಹಂಚಿ, ತಾನು ಸೆರಗು ಮುಚ್ಚಿಕೊಂಡು ಓಡಾಡಿದಳು.

*

ಮಣ್ಣಾದ ಮೇಲೆ ನೀಲಿ ಅಂಗಿಗಳನ್ನು ಬದುವಿನಲ್ಲೇ ಸುಟ್ಟು ಆಂಬುಲೆನ್ಸು ಹೊರಟಿತು. ಪಂಪುಮನೆಯ ಬಳಿ ಮಂಚಯ್ಯ ತಲೆ ಬಗ್ಗಿಸಿ ಕೂತಿದ್ದ, ಪಕ್ಕದಲ್ಲಿ ಅರ್ಪಿತ ನಿಂತಿದ್ದಳು. ಅವನಿಗೂ ಮಗಳಿಗೂ ಯಾರನ್ನೂ ಮುಟ್ಟಬಾರದೆಂದು ಹೇಳಿದ್ದರು. ಬೋರಯ್ಯ ಮಾರು ದೂರ ನಿಂತು ಬಹಳ ಹೊತ್ತು ನುಂಗಿಕೊಂಡಿದ್ದ ಮಾತನ್ನು ಕೇಳಿದ.

"ಅರ್ಪಿತ, ನಿಮ್ಮವ್ವ ಆಸ್ಪತ್ರೆಯಿಂದ ಫೋನ್ ಮಾಡಿದ್ಲು. ಮೊಳೆ ಮ್ಯಾಲಿರೋವ ತೆಗುಸ್ಬುಡಣ್ಣಯ್ಯ, ಎಲ್ಲಾನೂ ಸುಟ್ಟಾಕ್ಸು ಅಂದ್ಲು. ಇಲ್ಲೂ ಹಾಲಿನ ಸಾಲೇ ಅದೆ ಅಂದ್ಲು. ಜರ ನೆತ್ತಿಗೇರಿ ಏನೇನೋ ಅಂತಾವ್ಳೆ ಅನ್ಕಂಡೆ. ಯಾವ್ ಮೊಳೆ ಮಗ?"

ಅರ್ಪಿತ ಅವನನ್ನು ನೋಡಿದಳು.

"ಡೈರಿ ಗೋಡೆದು ಮಾವ."

ಬಿಕ್ಕುತ್ತ ಅವಳು ಹೇಳಿದ್ದಿಷ್ಟು. ಈ ವರ್ಷ ಜನ ಮಾಸ್ಕ್ ಮರೆತು ಬರುತ್ತಿದ್ದರು. ಹಾಲು ವಾಪಸ್ಸು ಹೋಗಬಾರದಲ್ಲ ಎಂದು ಡೈರಿಯ ಸೆಕ್ರೆಟರಿ ಲೋಕೇಶ್ ಬಾಗಿಲ ಪಕ್ಕದ ಗೋಡೆಗೆ ಮೊಳೆ ಹೊಡೆಸಿ, ತಾಯಮ್ಮ ಹೊಲಿದ ಮಾಸ್ಕುಗಳನ್ನು ಒಟ್ಟು ಮಾಡಿ ನೇತುಹಾಕಿದ. ಬಂದವರು ಒಂದು ತೆಗೆದು ಕಟ್ಟಿಕೊಳ್ಳುವುದು, ಹಾಲು ಹಾಕುವುದು, ಬಿಚ್ಚಿ ಮೊಳೆಗೆ ಹಾಕಿ ಹೋಗುವುದು. ಸಾಲಿನಲ್ಲಿ ಹಿಂದಿದ್ದವರು ಅದನ್ನೇ ಕಟ್ಟಿಕೊಳ್ಳುವುದು.

ಇನ್ನೊಬ್ಬರ ಎಂಜಲು ಲೋಟ ಕಂಡರೆ ಮುಖ ಸಿಂಡರಿಸುವ ಊರು ಅದು. ನೀರನ್ನೂ ತುಟಿಗೆ ತಾಕಿಸದೆ ಎತ್ತಿ ಕುಡಿಯುವ ಜನಕ್ಕೆ ಬಟ್ಟೆಗೂ ಎಂಜಲಿದೆ ಅಂತ ಹೊಳೆಯಲಿಲ್ಲ. ತಾಯಮ್ಮನಿಗೂ ಹೊಳೆಯಲಿಲ್ಲ. ಊರಿಗೆಲ್ಲ ಒದಗಿದವು ಎಂದು ಅವಳು ಹಿಗ್ಗಿದ್ದಳು. ಭಾನುವಾರ ಬಕೆಟ್ಟಿನಲ್ಲಿ ತುಂಬಿ ತಂದು, ಒಗೆದು, ಇಸ್ತ್ರಿ ಮಾಡಿ ಮತ್ತೆ ತೂಗುಹಾಕಿ ಬರುತ್ತಿದ್ದಳು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ನೋಡಿದರೆ, ಅಕ್ಕಪಕ್ಕದ ಮಂಚದವರೆಲ್ಲ ಹಾಲಿನ ಸಾಲಿನಲ್ಲಿ ಹಿಂದೆ ಮುಂದೆ ನಿಲ್ಲುತ್ತಿದ್ದವರೇ.

"ಅವ್ವ ನಂಗೂ ಹೇಳಿದ್ಲು ಮಾವ. ಮನೆ ಬಾಗ್ಲಿಗೆ ಪಟ್ಟಿ ಕಟ್ಬುಟ್ಟವ್ರೆ, ಆಚೀಗ್ ಬರಂಗಿಲ್ಲ, ಇವತ್ತು ಮಣ್ಣಿಗೆ ಅಂತ ಬುಟ್ಟವ್ರೆ. ಲೋಕೇಶಣ್ಣಂಗೆ ಫೋನ್ ಮಾಡ್ದೆ. ಇವತ್ತು ನಾಳೆ ತೆಗೀತೀನಿ ಅಂತಾನೆ. ಈಗ ನೋಡು, ಮಣ್ಣಿಗ್ ಬರಕೂ ಊರೋರು ಅವೇ ಮಾಸ್ಕ್ ಕಟ್ಕಂಡ್ ಬಂದವ್ರೆ."

ಬೋರಯ್ಯ ಬದುವಿನ ಕಡೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ. ಸಂಜೆ ಹಾಲಿನ ಹೊತ್ತಾಗಿತ್ತು.

*

ಅವನು ಡೈರಿಗೆ ಬರುವಾಗ ಕ್ಯಾನುಗಳ ಸಾಲು ರಸ್ತೆಯವರೆಗೂ ಬೆಳೆದಿತ್ತು. ಗೋಡೆಯಲ್ಲಿ ಮೊಳೆಗಳು ಕಂಡವು. ಅರ್ಧದಷ್ಟರಲ್ಲಿ ಮಾಸ್ಕುಗಳು ಆಗಲೇ ವಾಪಸ್ಸು ಬಂದು ನೇತಾಡುತ್ತಿದ್ದವು. ಬೋರಯ್ಯ ಬಾಚಿ ಬಾಚಿ ಕೀಳತೊಡಗಿದ.

"ಅಯ್ಯೋ, ಏನ್ ಮಾಡ್ತಾ ಇದ್ದೀಯಣ್ಣ?" ಲೋಕೇಶ್ ಒಳಗಿನಿಂದ ಓಡಿ ಬಂದ.

"ಸುಟ್ಟಾಕ್ತೀನಿ. ಇವೇ ಕಣ್ಲಾ ನನ್ ತಂಗಿ ತಿಂದಿದ್ದು. ಅವಳೇ ಹೇಳಿ ಸತ್ಲು."

ಲೋಕೇಶನ ಮುಖ ಇಳಿಯಿತು. ಅವನೇನು ಕೆಟ್ಟವನಲ್ಲ. ಕೆಟ್ಟವನಾಗಿದ್ದಿದ್ದರೆ ನಾಲ್ಕು ಬೈದಾದರೂ ಹೊಟ್ಟೆಯುರಿ ತೀರಿಸಿಕೊಳ್ಳಬಹುದಿತ್ತು.

"ಸುಡಾನ ಬುಡಣ್ಣ, ಬ್ಯಾರೆ ತರ್ಸಿ ಸುಡಾನ. ಈಗ ವ್ಯಾನ್ ಬಂದ್ಬುಡ್ತದೆ. ಮಾಸ್ಕ್ ಇಲ್ದೆ ಅಳುದ್ರೆ ನನ್ ಕೆಲ್ಸ ಹೋಯ್ತದೆ. ಇಷ್ಟ್ ಜನದ ಹಾಲು ಮೋರಿಗೆ ಉಯ್ಯಕ್ಕಾದದಾ?"

ಸಾಲಿನ ಮುಂದಿದ್ದ ಮಾರಮ್ಮ ಬೋರಯ್ಯನ ಕೈಯಿಂದ ಮಾಸ್ಕುಗಳನ್ನು ಮೆಲ್ಲಗೆ ಬಿಡಿಸಿಕೊಂಡಳು. ಅವಳ ಕಣ್ಣು ಅತ್ತು ಅತ್ತು ಊದಿತ್ತು.

"ಅವಳ ಕೈಯಾಗೆ ಆದವು ಕಣಪ್ಪ ಇವು. ಅವಳಂತೂ ಹೋದ್ಲು. ಇವಾದ್ರೂ ನಮ್ ಕಣ್ಮುಂದೆ ಇರ್ಲಿ, ಸುಡಬ್ಯಾಡ," ಎಂದು ಒಂದೊಂದನ್ನೇ ಮೊಳೆಗೆ ಹಾಕಿದಳು.

ಇವರಿಗೆ ಹೇಗೆ ಹೇಳುವುದು? ಬೋರಯ್ಯನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬಗಲಲ್ಲಿದ್ದ ಸೀರೆಯ ಮಡಿಕೆ ಬಿಚ್ಚಿ, ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಪರ್ರನೆ ಹರಿದ. ಇನ್ನೊಂದು ಸಲ ಹರಿದ. ಮತ್ತೊಂದು ಸಲ.

"ತಕಳಿ. ಒಬ್ಬೊಬ್ರಿಗೆ ಒಂದೊಂದು. ಹೊಸ ಬಟ್ಟೆ, ಹತ್ತೀದು. ನಿನ್ನದ ನೀನೇ ಕಟ್ಕ, ಮನೇಗ್ ತಕಂಡೋಗು. ಯಾರ್ಗೂ ಕೊಡಬ್ಯಾಡ. ನಿಮ್ ದಮ್ಮಯ್ಯ, ತಕಳ್ರಪ್ಪ."

ಸಾಲು ಒಂದು ಹೆಜ್ಜೆ ಹಿಂದೆ ಸರಿಯಿತು. ಕೆಲವರು ಕ್ಯಾನಿನ ಬಾಯನ್ನು ಅಂಗೈಯಿಂದ ಮುಚ್ಚಿಕೊಂಡರು.

"ಸಿವ ಸಿವಾ! ಹೆಣಕ್ಕೆ ತಂದ ಸೀರೆನ ಮೂತಿಗ್ ಕಟ್ಕತಾರಾ? ಹಾಲಿರೋ ಜಾಗ್ದಾಗೆ ಅದ್ನ ಬಿಚ್ಬುಟ್ಟಲ್ಲಪ್ಪ!" ಎಂದಳು ಮಾರಮ್ಮ.

"ಆಚೀಗ್ ನಿಂತ್ಕಳಣ್ಣ, ಕೈ ಮುಗೀತೀನಿ," ಎಂದ ಲೋಕೇಶ್.

ಬೋರಯ್ಯ ಆಚೆ ನಿಂತ. ಹರಿದ ತುಂಡುಗಳು ಅವನ ಮುಂದೋಳಿನ ಮೇಲೆ ಜೋತಾಡುತ್ತಿದ್ದವು. ಯಾರೂ ಅವನತ್ತ ನೋಡಲಿಲ್ಲ. ಮಾರಮ್ಮ ತನ್ನ ಹಾಲು ಅಳೆಸಿ ಬಂದು ಗಿಳಿಹಸಿರು ಮಾಸ್ಕನ್ನು ಬಿಚ್ಚಿದಳು. ಉಸಿರಿಗೆ ಒದ್ದೆಯಾಗಿದ್ದ ಅದನ್ನು ಒಮ್ಮೆ ಕಣ್ಣಿಗೊತ್ತಿಕೊಂಡು, ಮಾವಿನಕಾಯಿಯ ಅಂಚು ಮೇಲೆ ಬರುವಂತೆ ಅಚ್ಚುಕಟ್ಟಾಗಿ ಮೊಳೆಗೆ ಹಾಕಿದಳು. ಅವಳ ಹಿಂದಿದ್ದವನು ಕ್ಯಾನನ್ನು ನೆಲಕ್ಕಿಟ್ಟು, ಅದನ್ನೇ ತೆಗೆದು ಮೂಗಿನವರೆಗೂ ಎಳೆದು ಕಟ್ಟಿಕೊಂಡ.