ಮಾಲಿನಿಯ ಹೆಸರಿಗೆ ಬರೆದವರು

ತಿಂಗಳ ಮೀಟಿಂಗಿನಲ್ಲಿ ಕೇಸು ತರದ ನರ್ಸುಗಳು ಕೂರುವಂತಿರಲಿಲ್ಲ. ಹನೂರಿನಿಂದಾಚೆಯ ಆ ಆಸ್ಪತ್ರೆಗೆ ಡಾಕ್ಟರ್ ಸದಾಶಿವಪ್ಪ ಬಂದ ಮೇಲೆ ಶುರುವಾದ ಪದ್ಧತಿ ಇದು. ಹಳ್ಳಿಯ ಹೆಂಗಸರನ್ನು ಒಪ್ಪಿಸಿ, ಮಕ್ಕಳಾಗದ ಆಪರೇಷನ್ನಿಗೆ ಕ್ಯಾಂಪಿಗೆ ಕರೆತಂದರೆ ಅದೊಂದು ಕೇಸು. ಗುರಿ ಮುಟ್ಟಿದವರಿಗೆ ಬೆಂಚು. ಮುಟ್ಟದವರು ಪಾಠ ಒಪ್ಪಿಸದ ಮಕ್ಕಳ ಹಾಗೆ ಗೋಡೆಗೂ ಒರಗದೆ ಕೊನೆಯವರೆಗೆ ನಿಂತಿರಬೇಕು. ಊರೂರು ಸುತ್ತಿ ಹೆರಿಗೆ ಮಾಡಿಸಿ, ಹೆಣ್ಣುಮಕ್ಕಳ ಪ್ರಾಣ ಉಳಿಸಿ ಬಂದವರಿಗೆ ಸಿಗುವ ಮರ್ಯಾದೆ ಇಷ್ಟು. ಅದು ತೊಂಬತ್ತೊಂದನೇ ಇಸವಿ.

"ಈ ತಿಂಗಳೂ ಮಾಲಿನೀನೇ ಫಸ್ಟು," ಅಂದರು ಡಾಕ್ಟರು. "ಕಾಡಂಚಿನ ದೊಡ್ಡಿಗಳಿಂದ ಕರ್ಕೊಂಡು ಬರ್ತಾಳೆ. ನಿಮಗೆ ರಸ್ತೆ ಪಕ್ಕದ ಊರು ಕೊಟ್ರೂ ಆಗಲ್ಲ. ತಟ್ರೀ ಚಪ್ಪಾಳೆ."

ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಕೆಂಪಾಜಮ್ಮ, ಪಕ್ಕದ ಉಪಕೇಂದ್ರದ ಹಳೇ ನರ್ಸು. ಅವಳ ಬೆನ್ನ ಹಿಂದೆ ನಿಂತಿದ್ದ ಪುಟ್ಟಮಲ್ಲಮ್ಮ ಬಗ್ಗಿ ಪಿಸುಗುಟ್ಟಿದಳು: "ನನ್ ಕೇಸು ಅವಳಿಗೆ ಕೊಟ್ಟು ನಾನಿಲ್ಲಿ ನಿಂತಿವ್ನಿ. ನೀನು ನೋಡುದ್ರೆ ಮದುವೆ ಮನೇಲಿ ಕುಂತಂಗೆ ಕುಂತಿದ್ದೀಯ."

"ಓದ್ ತಿಂಗ್ಳು ನಾನು ನಿಂತಿರ್ನಿಲ್ವಾ? ಸುಮ್ನಿರು."

ನಾಲ್ಕು ತಿಂಗಳಿಂದ ನಡೆಯುತ್ತಿದ್ದುದು ಹೀಗೆ. ಕರಿಕಲ್ಲುದೊಡ್ಡಿಯೆಂಬ ಕಾಡಂಚಿನ ಪುಟ್ಟ ಹಳ್ಳಿಯ ದುಂಡಮ್ಮ ಎಂಬ ಬಾಣಂತಿಯನ್ನು ಮಾಲಿನಿ ತಾನೇ ಕೈಹಿಡಿದು ಬಸ್ಸು ಹತ್ತಿಸಿ ಕ್ಯಾಂಪಿಗೆ ಕರೆದೊಯ್ದಿದ್ದಳು. ಎರಡು ದಿನಕ್ಕೆ ಎದ್ದು ಓಡಾಡ್ತೀಯ ಅಂದಿದ್ದಳು. ದುಂಡಮ್ಮ ಏಳಲಿಲ್ಲ. ಹೊಟ್ಟೆ ಉಬ್ಬಿ, ಜ್ವರ ಏರಿ, ವಾರದೊಳಗೆ ಸತ್ತಳು. ಆಮೇಲೆ ಮಾಲಿನಿ ಆ ದೊಡ್ಡಿಗೆ ಹೋಗಿಲ್ಲ. ಊರ ಮುಂದಿನ ಹುಣಸೆಮರದವರೆಗೆ ನಡೆಯುವುದು, ಅಲ್ಲಿಂದ ವಾಪಸು. ಲಸಿಕೆ ಡಬ್ಬಿ ಹೇಗೆ ಹೋಯಿತೋ ಹಾಗೇ ಬರುತ್ತಿತ್ತು. ಹುಡುಗಿ ಸೊರಗುವುದನ್ನು ನೋಡಲಾರದೆ ಕೆಂಪಾಜಮ್ಮನೇ ಉಪಾಯ ಹೂಡಿದಳು. ತಾವು ಕರೆತಂದ ಹೆಂಗಸರನ್ನು ಒಬ್ಬೊಬ್ಬರಾಗಿ ಮಾಲಿನಿಯ ಹೆಸರಿಗೆ ಬರೆಸುವುದು. ಅವಳೊಬ್ಬಳು ಬೈಗುಳದಿಂದ ಉಳಿಯಲಿ.

ಮೀಟಿಂಗ್ ಮುಗಿಯುವ ಹೊತ್ತಿಗೆ ಮಾಲಿನಿ ಎದ್ದು ಹೋಗಿ ಒಂದು ಅರ್ಜಿಯನ್ನು ಮೇಜಿನ ಮೇಲಿಟ್ಟಳು. ತವರೂರು ಯಳಂದೂರಿಗೆ ವರ್ಗ ಬೇಕು.

ಡಾಕ್ಟರು ಓದಿ ನಕ್ಕರು. "ಇಷ್ಟು ಕೇಸು ತರೋಳನ್ನ ಯಾರಾದ್ರೂ ಬಿಡ್ತಾರೇನಮ್ಮ? ಕೆಲಸಕ್ಕೆ ಬಾರದೋರನ್ನ ಬೇಕಾದ್ರೆ ಕಳಿಸ್ತೀನಿ." ಅರ್ಜಿ ಡ್ರಾಯರಿನೊಳಗೆ ಹೋಯಿತು.

ಬಸ್ ಸ್ಟಾಪಿನಲ್ಲಿ ಕೆಂಪಾಜಮ್ಮ ಡಾಕ್ಟರ ವಂಶವನ್ನೆಲ್ಲ ಜಾಲಾಡಿದಳು. ಬುತ್ತಿ ಬಿಚ್ಚಿ ಕೊಟ್ಟರೆ ಮಾಲಿನಿ ಪಕ್ಕಕ್ಕೆ ಸರಿಸಿದಳು.

"ಉಣ್ಣೇ ಮಗ. ನಾವಿಲ್ವಾ ನಿನ್ ಜೊತೇಲಿ?"

"ಯಾರಕ್ಕ ಕೇಳಿದ್ರು ನಿಮ್ಮ ಕೇಸನ್ನ?"

ಕೆಂಪಾಜಮ್ಮನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಏನಂದೆ?"

"ಒಂದೂ ಇಲ್ಲದೆ ಇದ್ದಿದ್ರೆ ಇವತ್ತು ನನ್ನ ಎತ್ತಿ ಬಿಸಾಕಿರೋರು. ನಾನು ಮನೆಗೆ ಹೋಗ್ತಿದ್ದೆ."

"ಉಪಕಾರ ಮಾಡುದ್ರೆ ಇಂಗಂತೀಯಲ್ಲೇ! ನಿನಗೋಸ್ಕರ ಪುಟ್ಟಮಲ್ಲಿ ಮಂಡಿನೋವಿಟ್ಕಂಡು ನಿಂತವ್ಳೆ!"

"ಆ ಹೆಂಗಸರ ಮುಖ ಕೂಡ ನಾನು ನೋಡಿಲ್ಲ ಅಕ್ಕ," ಅಂದಳು ಮಾಲಿನಿ. ದನಿ ಏರಿರಲಿಲ್ಲ. "ಕರೆತಂದವಳು ಮಾಲಿನಿ ಅಂತ ಬರೆದಿರ್ತೀರಿ. ಅವರು ಮನೆ ಸೇರಿದ್ರಾ, ಜ್ವರ ಬಂತಾ, ಹೊಟ್ಟೆ ಉಬ್ಬಿತಾ, ನನಗೇನು ಗೊತ್ತು? ದುಂಡಮ್ಮ ಒಬ್ಬಳನ್ನೇ ಹೊರೋಕಾಗ್ತಿಲ್ಲ ನನಗೆ. ತಿಂಗಳು ತಿಂಗಳೂ ಇನ್ನಷ್ಟು ಜನರನ್ನ ತಂದು ನನ್ನ ಮೇಲೆ ಹೇರ್ತಿದ್ದೀರಿ."

ರಾಮಾಪುರದ ಬಸ್ಸು ಬಂತು. ಕೆಂಪಾಜಮ್ಮ ಹತ್ತಲಿಲ್ಲ. ಬುತ್ತಿಯನ್ನು ಕಲ್ಲಿನ ಮೇಲೇ ಬಿಟ್ಟು ಆಸ್ಪತ್ರೆಗೆ ನಡೆದು, ಪರದೆ ಸರಿಸಿ ಡಾಕ್ಟರ ರೂಮಿಗೆ ನುಗ್ಗಿದಳು.

"ಆ ಕೇಸುಗಳು ಯಾವೂ ಮಾಲಿನೀದಲ್ಲ ಸಾ. ನಾವು ಬರೆಸಿದ್ದು. ಅವಳಿಗೆ ಕೈಲಾಗ್ತಾ ಇಲ್ಲ, ಕಳ್ಸಿಬುಡಿ."

ಡಾಕ್ಟರು ತಲೆ ಎತ್ತಲಿಲ್ಲ. "ಲೆಕ್ಕ ಮೇಲಕ್ಕೆ ಹೋಗಾಯ್ತು ಕೆಂಪಾಜಮ್ಮ. ನೀನು ಹೇಳಿದ್ದು ನನಗೆ ಕೇಳಿಸಲಿಲ್ಲ."

"ಇನ್ನೊಂದ್ಸಲ ಜೋರಾಗಿ ಏಳ್ಲಾ ಸಾ?"

"ಹೋಗಿ ಕೆಲಸ ನೋಡು."

ಸುಳ್ಳು ಅವರಿಗೂ ಬೇಕಾಗಿತ್ತು. ಇಂಥವರ ಹತ್ತಿರ ಸತ್ಯ ತೆಗೆದುಕೊಂಡು ಹೋದವಳದೇ ತಪ್ಪು.

ಮುಂದಿನ ಲಸಿಕೆ ದಿನ ಕೆಂಪಾಜಮ್ಮ ತನ್ನ ಊರನ್ನು ಬಿಟ್ಟು ಮಾಲಿನಿಯ ಜೊತೆ ಹೊರಟಳು. ಡಬ್ಬಿಯನ್ನು ತಾನೇ ಹೆಗಲಿಗೆ ಹಾಕಿಕೊಂಡಳು. ಹುಣಸೆಮರದ ಹತ್ತಿರ ಮಾಲಿನಿ ನಿಂತಳು. ಕೆಂಪಾಜಮ್ಮ ಗದರಲಿಲ್ಲ, ಧೈರ್ಯ ಹೇಳಲೂ ಇಲ್ಲ. ಬೇರಿನ ಮೇಲೆ ಕೂತು ಎಲೆಯಡಿಕೆ ಬಿಚ್ಚಿದಳು. ಅಷ್ಟರಲ್ಲಿ ದೊಡ್ಡಿಯ ಕಡೆಯಿಂದ ದುಂಡಮ್ಮನ ಅತ್ತೆ ಚಿಕ್ಕಮಾದಮ್ಮ ಬಂದಳು, ಕಂಕುಳಲ್ಲಿ ತಾಯಿಲ್ಲದ ಮೊಮ್ಮಗು.

"ಬಂದವ್ಳೆ ನೋಡು!" ಮುದುಕಿ ದೂರದಿಂದಲೇ ಶುರು ಮಾಡಿದಳು. "ಕೈ ಇಡ್ಕಂಡು ಬಸ್ಸತ್ತುಸ್ದೋಳು ಮಣ್ಣಾಕಕ್ಕೆ ಬರ್ನಿಲ್ಲ. ಮೂರ್ನೇ ದಿನದ ಆಲುತುಪ್ಪಕ್ಕೆ ಬರ್ನಿಲ್ಲ. ಬೈಸ್ಕಳಕ್ಕಾದ್ರೂ ಬರ್ಬಾರ್ದಾ? ಆ ಡಾಕ್ಟ್ರ ಮಕ ನಾನೆಲ್ಲಿ ಕಂಡಿವ್ನಿ? ಗೊತ್ತಿದ್ದೋಳು ನೀನೊಬ್ಳು. ನೀನೂ ಬರ್ನಿಲ್ಲ ಅಂದ್ರೆ ಯಾರ್ನ ಬೈಲವ್ವಾ ನಾನು, ಈ ಮರನಾ?"

ಮಾಲಿನಿ ಮಣ್ಣಿನಲ್ಲೇ ಕೂತುಬಿಟ್ಟಳು. "ಬೈರಿ ಅವ್ವ."

ಮುದುಕಿ ಬೈದಳು. ಗಂಟಲು ಕಟ್ಟುವವರೆಗೂ ಬೈದಳು. ಯಾರ ಮಾತನ್ನೂ ಸಹಿಸದ ಕೆಂಪಾಜಮ್ಮ ಎಲೆಯಡಿಕೆಯನ್ನು ದವಡೆಗೆ ಒತ್ತಿಕೊಂಡು ಕೂತೇ ಇದ್ದಳು. ಕೊನೆಗೆ ಚಿಕ್ಕಮಾದಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಮಗುವಿನ ತೊಡೆ ಮುಂದೆ ಹಿಡಿದಳು.

"ಆಕು ಸೂಜಿಯ. ಅವ್ಳಂತೂ ಓದ್ಲು. ಇದಾದ್ರೂ ಇರ್ಲಿ."

ಕೆಂಪಾಜಮ್ಮ ಡಬ್ಬಿಗೆ ಕೈ ಹಾಕುವ ಮೊದಲೇ ಮಾಲಿನಿ ಸಿರಿಂಜು ತೆಗೆದುಕೊಂಡಿದ್ದಳು. ಮಗು ಕಿರುಚಿತು. ಆಮೇಲೆ ಊರೊಳಗೆ ಹೋಗಿ ಉಳಿದ ಮಕ್ಕಳಿಗೂ ಹಾಕಿದರು. ದುಂಡಮ್ಮನ ಗಂಡ ಮಾದು ಜಗುಲಿಯಿಂದ ಎದ್ದು, ಮುಖ ತಿರುಗಿಸಿಕೊಂಡು ಒಳಗೆ ಹೋದ.

ಬರುವಾಗ ಖಾಲಿ ಡಬ್ಬಿಯನ್ನು ಮಾಲಿನಿ ತಾನೇ ಹೊತ್ತುಕೊಂಡಳು. "ಹಾಕಿದ್ದೇನೋ ಹಾಕಿದೆ. ಆದ್ರೂ ಇಲ್ಲಿ ಇರೋಕೆ ಆಗಲ್ಲ ಅಕ್ಕ. ಒಳಗೆ ಏನೂ ಉಳಿದಿಲ್ಲ ನನಗೆ."

ಹಿಂದಿನ ಕೆಂಪಾಜಮ್ಮನಾಗಿದ್ದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಿದ್ದಳು. "ಈ ತಿಂಗ್ಳು ನಿನ್ ಹೆಸ್ರಿಗೆ ಯಾರೂ ಬರೆಯಲ್ಲ," ಅಂದಳು. "ನಿಂತ್ಕಳಕ್ಕೆ ಕಾಲ್ಗೆ ಸಕ್ತಿ ಮಡಿಕೋ."

ಆ ಮೀಟಿಂಗಿನಲ್ಲಿ ಮಾಲಿನಿ ನಿಂತಳು. ಡಾಕ್ಟರು ಹೌಹಾರಿದರು. ಹೊಗಳಿದ ಬಾಯಲ್ಲೇ ಸೋಮಾರಿ ಅಂದರು, ಕೊಬ್ಬು ಅಂದರು, ಸರ್ಕಾರದ ಅನ್ನಕ್ಕೆ ದ್ರೋಹ ಅಂದರು. ಅದರ ಮುಂದಿನ ತಿಂಗಳೂ ಸೊನ್ನೆ. ಆಗ ಡ್ರಾಯರಿನಿಂದ ಅರ್ಜಿ ಹೊರಬಂತು. ಕೆಲಸಕ್ಕೆ ನಾಲಾಯಕ್ಕು, ಕಳಿಸಬಹುದು ಎಂದು ಕೆಂಪು ಇಂಕಿನಲ್ಲಿ ಬರೆದು ಎಸೆದರು. ಮಾಲಿನಿ ಅದನ್ನು ವರಾಂಡದಲ್ಲಿ ಓದಿ ನಕ್ಕಳು. ನಗು ಅಳುವಾಯಿತು. ಪುಟ್ಟಮಲ್ಲಮ್ಮ ಬೆನ್ನು ಸವರುತ್ತ ನಿಂತಿದ್ದಳು.

ವರ್ಗದ ಆರ್ಡರು ಬಂದ ದಿನ ಕೊಳ್ಳೇಗಾಲದ ಬಸ್ಸಿಗೆ ಟ್ರಂಕು ಏರಿಸಿದ್ದು ಕೆಂಪಾಜಮ್ಮ.

"ಚಿಕ್ಕಮಾದಮ್ಮನ ಮೊಮ್ಮಗೂಗೆ ಇನ್ನೊಂದು ಸೂಜಿ ಬಾಕಿ ಇದೆ ಅಕ್ಕ."

"ಗೊತ್ತು ಕಣೆ. ಅತ್ತು ಮೊದ್ಲು."

ಅವಳ ಜಾಗಕ್ಕೆ ಯಾರೂ ಬರಲಿಲ್ಲ. ಕರಿಕಲ್ಲುದೊಡ್ಡಿಯೂ ಕೆಂಪಾಜಮ್ಮನ ತಲೆಗೇ ಬಿತ್ತು. ಎರಡು ಕಡೆ ನಡೆದು ಹಿಮ್ಮಡಿ ಒಡೆಯಿತು. ದೊಡ್ಡಿಯಲ್ಲಿ ಆಪರೇಷನ್ನಿನ ಮಾತೆತ್ತಲು ಅವಳಿಗೂ ನಾಲಿಗೆ ಏಳಲಿಲ್ಲ. ತಿಂಗಳ ಮೀಟಿಂಗಿನಲ್ಲಿ ಅವಳು ಗೋಡೆಯ ಪಕ್ಕ ನಿಂತಿದ್ದಳು, ಕಣ್ಣ ಕೆಳಗೆ ಕಪ್ಪು.

ಬೆಂಚಿನ ಮೇಲಿದ್ದ ಪುಟ್ಟಮಲ್ಲಮ್ಮ ಅವಳ ಮುಖ ನೋಡಿ ಮೆಲ್ಲಗೆ ಕೇಳಿದಳು, "ಮುಂದಿನ್ ತಿಂಗ್ಳು ನಂದೊಂದು ನಿನ್ ಹೆಸ್ರಿಗೆ ಬರುಸ್ಲಾ?"

"ಬರ್ಸು ನೋಡನ, ಕೈ ಮುರ್ದಾಕ್ತೀನಿ," ಅಂದಳು ಕೆಂಪಾಜಮ್ಮ. ಕಾಲು ಬದಲಿಸಿ ನಿಂತು ಕೇಳಿದಳು, "ನಾಳೆ ದೊಡ್ಡಿಗೆ ಓಗ್ಬೇಕು. ಬತ್ತೀಯಾ ಜೊತೇಲಿ?"