ಅಚ್ಚಣ್ಣನ ಎಲೆ

ಛತ್ರದ ಪಡಸಾಲೆಯಲ್ಲಿ ಸಾಲಾಗಿ ಹಾಕಿದ ಎಲೆಗಳ ಕೊನೆಗೆ ಒಂದು ಎಲೆ. ನೀರು ಚಿಮುಕಿಸಿದೆ, ಬಡಿಸಿಲ್ಲ. ಅದರ ಮುಂದೆ ಯಾರೂ ಕೂತಿಲ್ಲ. ಕಣ್ಣು ಮುಚ್ಚಿ ಜಪಕ್ಕೆ ಕೂತರೆ ನನಗೆ ಈಗಲೂ ದೇವರ ಮುಖಕ್ಕಿಂತ ಮೊದಲು ಆ ಎಲೆ ಕಾಣುತ್ತದೆ. ಅಂಥ ಛತ್ರ ಯಾವ ಊರಿನಲ್ಲೂ ಇರಲಿಲ್ಲ. ನಾವು ಕೆಲವರು ನಮ್ಮ ನಮ್ಮ ಮನೆಗಳಲ್ಲಿ ಕೂತು, ಫೋನಿನಲ್ಲಿ ಬರೆದು ಬರೆದು ಅದನ್ನು ಕಟ್ಟಿದ್ದೆವು.

ನಮ್ಮವರು ಹೋದ ಮೇಲೆ ನಾನು ಮಾತು ಬಿಟ್ಟಿದ್ದೆ. ಭಜನೆಗೆ ಹೋದರೂ ತಾಳ ಹಿಡಿದುಕೊಂಡು ಸುಮ್ಮನೆ ಕೂರುತ್ತಿದ್ದೆ. ಪಕ್ಕದ ಬೀದಿಯ ವಸುಮತಿ ನಮ್ಮ ಭಜನೆಯ ಗುಂಪಿನವಳೇ. ಒಂದು ಮಧ್ಯಾಹ್ನ ಬಂದವಳು ಕೇಳದೆಯೇ ನನ್ನ ಫೋನನ್ನು ಕೈಗೆತ್ತಿಕೊಂಡಳು.

"ಅಕ್ಕಾ, ನಾವೊಂದಿಷ್ಟು ಜನ ಸೇರಿ ಕತೆ ಬರೀತೀವಿ. ಒಬ್ಬೊಬ್ಬರದು ಒಂದೊಂದು ಪಾತ್ರ. ನಾಟಕದ ಹಾಗೇನೆ. ಆದರೆ ಬಣ್ಣ ಹಚ್ಚೋದು ಬೇಡ, ವೇದಿಕೆ ಹತ್ತೋದೂ ಬೇಡ."

"ಈ ವಯಸ್ಸಲ್ಲಿ ನಾಟಕ ಆಡು ಅಂತೀಯೇನೆ?"

"ಆಡೋದೆಲ್ಲಿ ಬಂತು, ಬರೆಯೋದು. ನಮ್ಮ ಛತ್ರಕ್ಕೆ ಅಡುಗೆಯವರಿಲ್ಲ ಅಕ್ಕ. ಪಾಪ, ಎಲ್ಲಾ ಉಪವಾಸ ಕೂತಿದಾರೆ."

ನನಗೆ ನಗು ಬಂತು. ನಕ್ಕು ಬಹಳ ದಿನವಾಗಿತ್ತು.

ಅಡುಗೆಯವನಿಗೆ ಅಚ್ಚಣ್ಣ ಎಂದು ಹೆಸರಿಟ್ಟೆ. ಮೊದಲ ದಿನವೇ ಎಡವಿದೆ. 'ಅಚ್ಚಣ್ಣ ಹಂಡೆಯಲ್ಲಿ ನೀರು ಕಾಯಿಸಿದ. ಎಲ್ಲರೂ ಸ್ನಾನ ಮಾಡಿ, ಮಡಿಯುಟ್ಟು ಊಟಕ್ಕೆ ಬಂದರು' ಎಂದು ಬರೆದುಬಿಟ್ಟೆ. ಛತ್ರದಲ್ಲಿ ತಲೆಮರೆಸಿಕೊಂಡಿದ್ದ ಕಳ್ಳನ ಪಾತ್ರವನ್ನು ಬರೆಯುತ್ತಿದ್ದವರು ಶೇಷಗಿರಿ ಎಂಬ ಬ್ಯಾಂಕಿನವರು. ತಕ್ಷಣ ಅವರಿಂದ ತಕರಾರು ಬಂತು: "ಕ್ಷಮಿಸಿ ಅಮ್ಮ, ನನ್ನ ಕಳ್ಳ ಸ್ನಾನ ಮಾಡಿಲ್ಲ. ಮಾಡೋ ಯೋಚನೆಯೂ ಅವನಿಗಿಲ್ಲ."

ವಸುಮತಿ ಫೋನು ಮಾಡಿ ನಕ್ಕಳು. "ಅಕ್ಕಾ, ನಿಮ್ಮ ಪಾತ್ರದ ಕೈ, ನಿಮ್ಮ ಪಾತ್ರದ ಬಾಯಿ, ಅಷ್ಟೇ ನಿಮ್ಮದು. ಬಿಸಿನೀರು ಕಾಯಿಸಿ ಇಡಬಹುದು. ಇನ್ನೊಬ್ಬರ ಮೈಮೇಲೆ ಹುಯ್ಯೋ ಹಾಗಿಲ್ಲ."

ಆಮೇಲೆ ನನಗೆ ಆ ಆಟದ ಮರ್ಯಾದೆ ತಾನಾಗಿ ತಿಳಿಯುತ್ತ ಬಂತು. ಅದು ಪಂಕ್ತಿಯ ಮರ್ಯಾದೆಯೇ. ಪಕ್ಕದವರ ಎಲೆಗೆ ಕೈ ಹಾಕಬಾರದು. ಅವರು ಉಣ್ಣುತ್ತಿರುವಾಗ ನಾವು ಎದ್ದುಬಿಡಬಾರದು. ಬೇಕೇ ಎಂದು ಕೇಳಿ ಬಡಿಸಬೇಕು. ಕತೆಯ ಹೊರಗಿನ ಮಾತೇನಾದರೂ ಇದ್ದರೆ ಕಂಸದೊಳಗೆ ಹಾಕಿ ಹೇಳಬೇಕು, ಪಾತ್ರದ ಬಾಯಲ್ಲಿ ನಮ್ಮ ಸಿಟ್ಟನ್ನು ತುರುಕಬಾರದು. ಯಾರಾದರೂ ಕೆಲವು ದಿನ ಬರೆಯಲಾಗದೆ ಹೋದರೆ ನಮ್ಮ ಛತ್ರದಲ್ಲಿ ಒಂದು ಪದ್ಧತಿಯಿತ್ತು. ಅವರ ಪಾತ್ರಕ್ಕೆ ಎಲೆ ಹಾಕಿ, ನೀರು ಚಿಮುಕಿಸಿ ಬಿಡುತ್ತಿದ್ದೆವು. ಆ ಪಾತ್ರವನ್ನು ಯಾರೂ ಎಬ್ಬಿಸುತ್ತಿರಲಿಲ್ಲ, ಮಾತಾಡಿಸುತ್ತಿರಲಿಲ್ಲ. ಬರೆಯುವವರು ಬಂದ ದಿನ ಅವರೇ ಬಂದು ಆ ಎಲೆಯ ಮುಂದೆ ಕೂರುವರು.

ಅಚ್ಚಣ್ಣ ಯಾರೆಂದು ನಾನು ಯಾರಿಗೂ ಹೇಳಲಿಲ್ಲ. ನಮ್ಮವರು ಲೆಕ್ಕದ ಮೇಷ್ಟರಾಗಿದ್ದವರು. ನಿವೃತ್ತರಾದ ಮೇಲೆ ನನ್ನನ್ನು ಅಡುಗೆಮನೆಯಿಂದ ಆಚೆಗೆ ಕಳಿಸಿ ತಾವೇ ಒಲೆಯ ಮುಂದೆ ನಿಂತರು. ಉಕ್ಕಲು ಬಂದ ಹಾಲಿಗೆ "ಇರು, ಇರು, ಬಂದೆ" ಎಂದು ಗದರುತ್ತಿದ್ದರು. ಹುಳಿಯ ರುಚಿ ನೋಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅದನ್ನೆಲ್ಲ ಅಚ್ಚಣ್ಣನಿಗೆ ಕೊಟ್ಟೆ. ಸಂಸಾರ ಮಾಡಿದಷ್ಟು ಕಾಲವೂ ನಾನು ಅವರ ಹೆಸರು ಹಿಡಿದು ಕರೆದವಳಲ್ಲ. ಈಗ ಒಂದು ಹೆಸರಿತ್ತು. ದಿನಕ್ಕೆ ಎಷ್ಟು ಸಲ ಬೇಕಾದರೂ ಬರೆಯಬಹುದಿತ್ತು.

ಅವರ ಕೊನೆಯ ದಿನ ನಾನು ಗುಡಿಗೆ ತೀರ್ಥ ತರಲು ಹೊರಟಿದ್ದೆ. ಮಂಚದ ಮೇಲಿಂದ ಅವರು, "ಬೇಗ ಬಾ. ಒಂದು ಮಾತು ಹೇಳೋದಿದೆ" ಎಂದರು. "ಬಂದೆ, ಬಂದೆ" ಎಂದು ಹೋದೆ. ಮಂಗಳಾರತಿ ತಡವಾಯಿತು. ದೇವರಿಗೆ ಬೆನ್ನು ಹಾಕಿ ಹೇಗೆ ಬರುವುದೆಂದು ನಿಂತೆ. ತೀರ್ಥದ ಗಿಂಡಿ ಹಿಡಿದು ಮನೆಗೆ ಬಂದಾಗ ಅವರ ಉಸಿರು ನಿಂತಿತ್ತು. ಕೋಣೆಯಲ್ಲಿ ಜೊತೆಗೆ ಯಾರೂ ಇರಲಿಲ್ಲ. ಮುಖ ಬಾಗಿಲ ಕಡೆಗಿತ್ತು.

ಆ ಮಾತು ಏನೆಂದು ನಾನು ದೇವರನ್ನು ಕೇಳಿದ್ದೇನೆ. ಅವನು ಹೇಳಲಿಲ್ಲ. ಆದರೆ ಛತ್ರದ ಕತೆ ಬರೆಯುವಾಗ ಒಂದು ವಿಚಿತ್ರ ನಡೆಯುತ್ತಿತ್ತು. ಅಚ್ಚಣ್ಣನ ಬಾಯಿಂದ ನಾನು ಯೋಚಿಸದ ಮಾತು ಬರುತ್ತಿತ್ತು. ಇವೇ ಬೆರಳುಗಳಿಂದ ಆ ಮಾತೂ ಬಂದರೆ ಎಂಬ ಆಸೆ ಹುಟ್ಟಿತು. ನಿಧಾನವಾಗಿ ಅಚ್ಚಣ್ಣನಿಗೆ ಕಾಯಿಲೆ ತಂದು ಮಲಗಿಸಿದೆ. ನಮ್ಮವರ ವರ್ಷಾಬ್ದಿಕಕ್ಕೆ ನದೀತೀರದ ಕ್ಷೇತ್ರಕ್ಕೆ ಹೊರಡುವ ಮುನ್ನ ಬರೆದೆ: 'ಅಚ್ಚಣ್ಣ ಒಳಕೋಣೆಯಲ್ಲಿ ಒಬ್ಬನೇ ಮಲಗಿದ್ದ. ಒಂದು ಮಾತು ಹೇಳುವುದಿದೆ ಎಂದ. ಬಾಗಿಲ ಕಡೆಗೇ ನೋಡುತ್ತಿದ್ದ.' ಕೆಳಗೆ ಕಂಸ ಹಾಕಿ, ಊರಿಗೆ ಹೋಗಿಬರುತ್ತೇನೆ ಎಂದು ತಿಳಿಸಿದೆ. ವಸುಮತಿ ಪಡಸಾಲೆಯ ಕೊನೆಗೆ ಅಚ್ಚಣ್ಣನ ಎಲೆ ಹಾಕಿದಳು.

ಕರ್ಮಗಳನ್ನೆಲ್ಲ ಮುಗಿಸಿ ಬಂದು ಫೋನು ತೆರೆದೆ. ಆ ಎಲೆಯಲ್ಲಿ ಬೇರೆ ಯಾರೋ ಉಂಡು ಎದ್ದಿದ್ದರು.

ಗುಂಪಿಗೆ ಹೊಸದಾಗಿ ಸೇರಿದ್ದ ಭಾರ್ಗವ ಛತ್ರದಲ್ಲಿ ತಂಗಿದ್ದ ಒಬ್ಬ ವೈದ್ಯನ ಪಾತ್ರವನ್ನು ಬರೆಯುತ್ತಿದ್ದ. ಅವನು ಬರೆದಿದ್ದ: ವೈದ್ಯರು ಒಳಕೋಣೆಗೆ ಹೋಗಿ ಅಚ್ಚಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು, ಕೈ ಹಿಡಿದುಕೊಂಡರು. ಅಚ್ಚಣ್ಣ, "ಹಾಲು ಉಕ್ಕೀತು, ನೋಡಿಕೊಳ್ಳಿ" ಎಂದ. ಆಮೇಲೆ ಉಸಿರಾಡಲಿಲ್ಲ. ಬರಹ ಚೆನ್ನಾಗಿತ್ತು. ಸ್ನಾನ ಮಾಡದ ಕಳ್ಳನೂ ಅತ್ತಿದ್ದ.

ನಾನು ಫೋನನ್ನು ದೇವರ ಗೂಡಿನ ಮುಂದೆ ಬೋರಲು ಹಾಕಿ ಅಲ್ಲೇ ಕೂತೆ. ನಮ್ಮವರು ಇನ್ನೊಂದು ಸಲ ಹೋಗಿದ್ದರು. ಈ ಸಲವೂ ನಾನು ದೇವರ ಕೆಲಸಕ್ಕೇ ಹೋಗಿದ್ದೆ.

ನಾನು ಮರಳಿದ್ದು ತಿಳಿದು ವಸುಮತಿ ಓಡಿ ಬಂದಳು. ಅಚ್ಚಣ್ಣ ಯಾರೆಂದು ಅವಳಿಗೆ ಅಂದು ಹೇಳಿದೆ.

"ನಂದೇ ತಪ್ಪು ಅಕ್ಕ. ಅವನು ಹೊಸಬ. ಎಲೆ ಹಾಕೋದು ಯಾಕೆ ಅಂತ ನಾನು ಅವನಿಗೆ ಬಿಡಿಸಿ ಹೇಳಲಿಲ್ಲ. ಅದನ್ನ ತೆಗೆದುಹಾಕ್ತೀನಿ. ನಡೆದೇ ಇಲ್ಲ ಅಂತ ಮಾಡೋಣ, ನಮ್ಮಲ್ಲಿ ಅದಕ್ಕೂ ದಾರಿಯಿದೆ. ನೀವು ಹೂಂ ಅನ್ನಿ ಸಾಕು."

"ಬರೆದವನನ್ನ ಕೇಳಬೇಕಲ್ಲವೇನೆ?"

"ಅವನು ನಿಮ್ಮನ್ನ ಕೇಳಿದನೇ?"

"ಅದಕ್ಕೇ ನಾವು ಕೇಳೋಣ" ಎಂದೆ.

ಭಾರ್ಗವ ಔಷಧದಂಗಡಿಯಲ್ಲಿ ಕೆಲಸ ಮಾಡುವ ಹುಡುಗ. ಅವನಿಗೆ ಫೋನು ಮಾಡಿ ವಿಷಯ ಹೇಳಿದೆ.

"ತೆಗೆದುಬಿಡಿ ಅಮ್ಮ. ನನಗೆ ತಿಳೀಲಿಲ್ಲ. ನಾನು ಕತೆ ಮುಂದಕ್ಕೆ ಹೋಗಲಿ ಅಂತ ಬರೆದದ್ದಲ್ಲ, ಸತ್ಯವಾಗಿ."

"ಮತ್ಯಾಕೆ ಬರೆದೆಯಪ್ಪ?"

"ನೀವು ಅವರನ್ನ ಅಲ್ಲೇ ಬಿಟ್ಟು ಹೋದಿರಿ. ಅಂಗಡೀಲಿ ಗಿರಾಕಿ ಇಲ್ಲದಾಗ ದಿನಾ ತೆಗೆದು ನೋಡ್ತಿದ್ದೆ. ದಿನಾ ಅವರು ಬಾಗಿಲು ನೋಡ್ತಾ ಮಲಗಿರೋರು. ನಮ್ಮಲ್ಲಿ ಔಷಧ ತಗೊಂಡು ಹೋಗೋ ಎಷ್ಟೋ ಜನ ಹಾಗೇ ಹೋಗಿಬಿಡ್ತಾರೆ, ಪಕ್ಕದಲ್ಲಿ ಯಾರೂ ಇಲ್ಲದೆ. ಇವರಾದರೂ ಒಬ್ಬರೇ ಹೋಗಬಾರದು ಅನ್ನಿಸ್ತು. ವೈದ್ಯನ ಕೈಲಿ ಬೇರೆ ಏನೂ ಆಗ್ತಿರಲಿಲ್ಲ, ಅಮ್ಮ. ಹತ್ತಿರ ಹೋಗಿ ಕೂತೆ."

ಎದುರಿಗೆ ಕೂತಿದ್ದ ವಸುಮತಿ, ತೆಗೆಯಲೇ ಎಂದು ಕಣ್ಣಲ್ಲೇ ಕೇಳಿದಳು. ಅಳಿಸಿದರೆ ಆ ಮಾತಿನ ಆಸೆ ನನಗೆ ಮತ್ತೆ ಸಿಗುತ್ತಿತ್ತು. ಆದರೆ ಅವರು ಮತ್ತೆ ಆ ಕೋಣೆಯಲ್ಲಿ ಒಬ್ಬರೇ ಆಗುತ್ತಿದ್ದರು. ಇಡೀ ಪ್ರಪಂಚದಲ್ಲಿ ಅವರ ಕೊನೆಗಳಿಗೆಗೆ ಕೈ ಹಿಡಿದುಕೊಂಡವನು, ಬರಹದಲ್ಲಾದರೂ, ಇವನೊಬ್ಬನೇ.

"ಇರಲಿ ಬಿಡು" ಎಂದೆ.

ನಾನು ಕಾದಿದ್ದ ಆ ಮಾತು ಕೊನೆಗೂ ಬರಲಿಲ್ಲ. ಅವರು ನಿಜವಾಗಿ ಹೇಳಬೇಕೆಂದಿದ್ದದ್ದೂ ಹಾಲು ಉಕ್ಕೀತೆಂಬಂಥ ಮಾತೇ ಇರಬಹುದು. ಇಲ್ಲದೆಯೂ ಇರಬಹುದು. ಇದು ನನ್ನ ಜೊತೆಗೇ ಬರುವ ನೋವು. ಭಾರ್ಗವನೂ ಮೊದಲಿನಂತೆ ಉಳಿಯಲಿಲ್ಲ. ವೈದ್ಯರು ಬಾಗಿಲು ತೆಗೆಯಬಹುದೇ, ಕೆಮ್ಮಬಹುದೇ, ಮಜ್ಜಿಗೆ ಕೇಳಬಹುದೇ ಎಂದು ಕಂಸದೊಳಗೆ ಎಲ್ಲರ ಅಪ್ಪಣೆ ಬೇಡುತ್ತಿದ್ದ. ಶೇಷಗಿರಿಯವರು, "ಕೆಮ್ಮೋ ಮಾರಾಯ, ಯಾರೂ ಬೇಡ ಅನ್ನಲ್ಲ" ಎಂದು ರೇಗಿಸಿದರೂ ಅವನ ಕೈ ಹಗುರಾಗಲಿಲ್ಲ. ಹತ್ತಿರ ಹೋಗಿ ಕೂರುವ ಅವನ ಆ ಗುಣ ನನ್ನಿಂದಾಗಿ ಹಿಂಜರಿಯಿತಲ್ಲ ಎಂದು ಅದಕ್ಕೂ ಮರುಗಿದೆ.

ಒಂದು ದಿನ ಪೂಜೆ ಮುಗಿಸಿ ಛತ್ರಕ್ಕೆ ಹೊಸ ಪಾತ್ರವೊಂದನ್ನು ತಂದೆ. ಹೆಸರಿಡಲಿಲ್ಲ. 'ಕೈಯಲ್ಲಿ ತೀರ್ಥದ ಗಿಂಡಿ ಹಿಡಿದ ವಯಸ್ಸಾದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು. ತಡವಾಯಿತು ಎಂದಳು.' ಅಷ್ಟೇ ಬರೆದೆ.

ಯಾರೂ ಅವಳನ್ನು ಒಳಗೆ ನಡೆಸಲಿಲ್ಲ. ಯಾರೂ ಅವಳನ್ನು ಅಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ಭಾರ್ಗವ ಬರೆದ, ಈ ಸಲ ಯಾರನ್ನೂ ಕೇಳದೆ: 'ವೈದ್ಯರು ಸ್ವಲ್ಪ ಸರಿದು ಕೂತರು. ಪಕ್ಕದಲ್ಲಿ ಒಂದು ಎಲೆ ಹಾಕಿದರು. ನೀರು ಚಿಮುಕಿಸಿದರು. ಸುಮ್ಮನೆ ಕಾದರು.'

ನಾನಿನ್ನೂ ಮುಂದಿನ ಸಾಲು ಬರೆದಿಲ್ಲ. ಗುಂಪಿನವರೂ ಅವಸರ ಮಾಡಿಲ್ಲ. ಅವಳು ಗಿಂಡಿ ಹಿಡಿದು ಬಾಗಿಲಲ್ಲೇ ನಿಂತಿದ್ದಾಳೆ. ಆ ಎಲೆಯ ಮೇಲಿನ ನೀರು ಇನ್ನೂ ಆರಿಲ್ಲ.